ಹೆಗಲು ಮುಟ್ಟಿದರೆ ಹೊರಗೆ

ನನಗೆ ನಿಲ್ಲುವುದಕ್ಕೆ ಬರುವುದಿಲ್ಲ. ಹುಟ್ಟಿನಿಂದ ಬಂದ ದೋಷವಲ್ಲ; ಐವತ್ತು ಹತ್ತಿರವಾದ ಹಾಗೆ ಮೊಣಕಾಲುಗಳು ನನ್ನ ಜೊತೆ ಮಾತು ಬಿಟ್ಟಿವೆ. ಸ್ವಲ್ಪ ಹೊತ್ತು ನಿಂತರೆ ಎಡಗಾಲು ಬಲಗಾಲಿನ ಮೇಲೆ ದೂರು ಹೇಳುತ್ತದೆ. ಇನ್ನೂ ಸ್ವಲ್ಪ ಹೊತ್ತು ನಿಂತರೆ ಎರಡೂ ರಾಜಿಯಾಗಿ ತಪ್ಪನ್ನು ಸೊಂಟದ ಮೇಲೆ ಹಾಕುತ್ತವೆ. ಆದ್ದರಿಂದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ತಾಯಿಯ ಜೊತೆ ಬಾಡಿಗೆಗಿರುವ ಕಂಬನನ್ನು ಕಂಡರೆ ನನಗೆ ಮೊದಲಿನಿಂದಲೂ ಗೌರವ. ಅವನು ನಿಲ್ಲುತ್ತಾನೆ. ನಿಲ್ಲುವುದೇ ಅವನ ಉದ್ಯೋಗ.

ಕಂಬ ಅನ್ನುವುದು ಅಡ್ಡಹೆಸರು. ಚಿಕ್ಕವನಿದ್ದಾಗ ಏನಾದರೂ ಕೆಲಸ ಹೇಳಿದರೆ ಬಾಗಿಲಲ್ಲೇ ಯೋಚಿಸುತ್ತಾ ನಿಂತುಬಿಡುತ್ತಿದ್ದನಂತೆ. "ಕಂಬದ ಹಾಗೆ ನಿಂತ್ಕೊಂಡಿದ್ದೀಯಲ್ಲೋ, ಹೋಗಿ ನೀರು ಹಿಡಿಯೋ" ಅಂತ ತಾಯಿ ಬೈದದ್ದು ಅಕ್ಕಪಕ್ಕದವರ ಕಿವಿಗೆ ಬಿದ್ದು, ಹೆಸರು ನಿಂತುಬಿಟ್ಟಿತು. ಮುಂದೆ ಅದೇ ಹೆಸರಿನ ಮೇಲೆ ಮಗ ಅನ್ನ ಸಂಪಾದಿಸುತ್ತಾನೆ ಅಂತ ಆಕೆಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದರೆ "ಕಲೆಕ್ಟರ್ ಹಾಗೆ ಕೂತಿದ್ದೀಯಲ್ಲೋ" ಅಂತ ಬೈಯುತ್ತಿದ್ದೆ ಅನ್ನುತ್ತಾಳೆ.

ಅವನು ಬೇರೆಯವರ ಬದಲಿಗೆ ಕ್ಯೂನಲ್ಲಿ ನಿಲ್ಲುತ್ತಾನೆ. ನೀರಿನ ಬಿಲ್ಲು, ಕರೆಂಟಿನ ಬಿಲ್ಲು, ದೊಡ್ಡಾಸ್ಪತ್ರೆಯ ಹೊರರೋಗಿ ಚೀಟಿ, ಮಕ್ಕಳನ್ನು ಶಾಲೆಗೆ ಸೇರಿಸುವ ಅರ್ಜಿ, ಪಿಂಚಣಿಯವರು ತಾವಿನ್ನೂ ಬದುಕಿದ್ದೇವೆ ಎಂದು ರುಜುವಾತು ಮಾಡುವ ಕೌಂಟರು, ಎಲ್ಲ ಕಡೆಗೂ. ಬೆಳಕು ಹರಿಯುವಾಗ ಹೋಗಿ ಜಾಗ ಹಿಡಿಯುತ್ತಾನೆ. ಕೌಂಟರು ಹತ್ತಿರವಾದಾಗ ಗಿರಾಕಿಗೆ ಫೋನು ಮಾಡುತ್ತಾನೆ. ಗಿರಾಕಿ ತಿಂಡಿ ತಿಂದು, ಕ್ರಾಪು ಬಾಚಿ, ಗಾಳಿಗೆ ಬಂದವರ ಹಾಗೆ ಬಂದು ಅವನ ಜಾಗದಲ್ಲಿ ನಿಂತುಕೊಳ್ಳುತ್ತಾರೆ.

ಶುರುವಾದದ್ದು ಎಂ.ಎ. ಮುಗಿಸಿದ ವರ್ಷ. ಎಕನಾಮಿಕ್ಸ್. ಅದನ್ನು ಅವನು ಹೇಳುವುದೇ ಇಲ್ಲ, ಅವನ ಭಾವ ಮಾತ್ರ ಎಲ್ಲರಿಗೂ ಹೇಳುತ್ತಾನೆ. ಯಾವುದೋ ಕಚೇರಿಗೆ ಅರ್ಜಿ ಕೊಡಲು ಕಂಬ ಸಾಲಿನಲ್ಲಿ ನಿಂತಿದ್ದಾಗ ಹಿಂದಿದ್ದ ದಪ್ಪ ವ್ಯಾಪಾರಿಯೊಬ್ಬರು, "ತಮ್ಮಾ, ತಲೆ ಸುತ್ತುತ್ತೆ, ನನ್ನ ಜಾಗ ಒಂಚೂರು ನೋಡ್ಕೋ" ಅಂದರು. ನೋಡಿಕೊಂಡ. ಅವರು ವಾಪಸು ಬಂದಾಗ ಇವನ ಜೇಬಿಗೆ ಕಾಸು ತುರುಕಿದರು. ಅದು ಅವನ ಮೊದಲ ಸಂಪಾದನೆ. ಅವತ್ತು ಕೊಟ್ಟ ಅರ್ಜಿಗೆ ಇವತ್ತಿಗೂ ಉತ್ತರ ಬಂದಿಲ್ಲ.

ಈ ಕಸುಬಿಗೂ ಕಟ್ಟುಪಾಡುಗಳಿವೆ, ನಗಬೇಡಿ. ಸಾಲಿಗೆ ಸೇರಿದ ಕೂಡಲೇ ಹಿಂದಿನವರಿಗೆ, "ಅಣ್ಣಾ, ನಾನು ಒಬ್ಬರ ಬದಲಿಗೆ ನಿಂತಿದ್ದೀನಿ, ಅವರು ಆಮೇಲೆ ಬರ್ತಾರೆ" ಅಂತ ಹೇಳಿಬಿಡಬೇಕು. ಒಂದು ಜಾಗ ಇಬ್ಬರಿಗೆ ಮಾರಬಾರದು. ಕೂರಬಾರದು. ಕೂತವನ ಜಾಗ ಕಲ್ಲಿಟ್ಟು ಹೋದವನ ಜಾಗದ ಹಾಗೆ, ಯಾರು ಬೇಕಾದರೂ ಒದೆಯಬಹುದು. ಸಾಲು ಬಿಟ್ಟು ಹೊರಗೆ ಬಂದವನಿಗೆ ಮತ್ತೆ ಸಾಲಿನಲ್ಲಿ ಜಾಗವಿಲ್ಲ, ಅವನು ಬಾಲಕ್ಕೆ ಹೋಗಬೇಕು. ಈ ಕೊನೆಯದನ್ನು ಕಂಬನೇ ಮಾಡಿದ್ದು ಅಂತ ಕೆಲವರು, ಸಾಲು ಹುಟ್ಟಿದಾಗಲೇ ಹುಟ್ಟಿದ್ದು ಅಂತ ಕಂಬ. ಏನೇ ಇರಲಿ, ನಡುವೆ ನುಸುಳಲು ಬಂದವರನ್ನು ಈ ಒಂದು ಮಾತು ಹೇಳಿ ವರ್ಷಗಟ್ಟಲೆ ಬಾಲಕ್ಕೆ ಅಟ್ಟಿದವನು ಅವನೇ.

ಎಲ್ಲಕ್ಕಿಂತ ನಾಜೂಕಿನದು ಜಾಗ ಒಪ್ಪಿಸುವುದು. ಬಾಯಿ ಬಿಟ್ಟರೆ ಕೆಟ್ಟಿತು. "ಬಂದ್ರಾ ಸಾರ್, ಬನ್ನಿ" ಅಂದ ಕೂಡಲೇ, ಬೆಳಿಗ್ಗೆ ಹೂಂ ಅಂದಿದ್ದವರೆಲ್ಲ ಉಹೂಂ ಅನ್ನತೊಡಗುತ್ತಾರೆ. ಅದಕ್ಕೆ ಕಂಬ ಒಂದು ಉಪಾಯ ಮಾಡಿಕೊಂಡಿದ್ದ. ಗಿರಾಕಿ ಹಿಂದಿನಿಂದ ಬಂದು ಅವನ ಎಡಹೆಗಲು ಮುಟ್ಟಬೇಕು, ಅಷ್ಟೆ. ಇವನು ತಿರುಗಿ ನೋಡದೆ ಬಲಕ್ಕೆ ಜಾರುತ್ತಾನೆ, ಅವರು ಎಡದಿಂದ ಒಳಗೆ ಬರುತ್ತಾರೆ. ಸಾಲಿಗೆ ಒಂದು ಬಿಕ್ಕಳಿಕೆ ಬಂದಷ್ಟೂ ಗೊತ್ತಾಗುವುದಿಲ್ಲ. ಆಮೇಲೆ ಇವನು ನೇರ ಚಹಾ ಗಾಡಿಯ ಹತ್ತಿರ ಹೋಗಿ ನಿಂತಿರುತ್ತಾನೆ. ಕೆಲಸ ಮುಗಿಸಿದ ಗಿರಾಕಿ ಅಲ್ಲಿಗೇ ಬಂದು ಕೂಲಿ ಕೊಡುತ್ತಾರೆ. ನಾನೂ ಎಷ್ಟೋ ಸಲ ಆ ಹೆಗಲು ಮುಟ್ಟಿದ್ದೇನೆ. ನೀರಿನ ಮೇಲೆ ಬೆರಳಿಟ್ಟ ಹಾಗೆ, ಇಡುವಷ್ಟರಲ್ಲಿ ಮನುಷ್ಯ ಅಲ್ಲಿರುವುದಿಲ್ಲ.

ವರ್ಷಗಳು ಕಳೆದ ಹಾಗೆ ಈ ಅಭ್ಯಾಸ ತಲೆಯಿಂದ ಇಳಿದು ಮೈಗೆ ಸೇರಿಬಿಟ್ಟಿತು. ಅವನ ತಂಗಿಯ ಮದುವೆಯ ಫೋಟೋ ಅವರ ಗೋಡೆಯ ಮೇಲಿದೆ. ಅದರಲ್ಲಿ ಹೆಣ್ಣು-ಗಂಡು ಇದ್ದಾರೆ, ತಾಯಿ ಇದ್ದಾಳೆ, ತಾಯಿಯ ಪಕ್ಕದಲ್ಲಿ ಒಬ್ಬ ಮನುಷ್ಯ ಹಿಡಿಯುವಷ್ಟು ಖಾಲಿ ಜಾಗ ಇದೆ. ನೆಟ್ಟಗೆ ನಿಲ್ಲಿಸಲೆಂದು ಫೋಟೋದವನು ಹಿಂದಿನಿಂದ ಬಂದು ಕಂಬನ ಹೆಗಲು ಮುಟ್ಟಿದ್ದ. ಎಲ್ಲರೂ ಕ್ಯಾಮೆರಾ ನೋಡಿ ನಗುತ್ತಿದ್ದಾಗ ಹೆಣ್ಣಿನ ಅಣ್ಣ ಬಾಗಿಲಾಚೆ ಚಹಾ ಹುಡುಕುತ್ತಿದ್ದ.

ಆ ಮದುವೆಯ ಗಂಡು, ಅಂದರೆ ಕಂಬನ ಭಾವ, ತಳ್ಳುಗಾಡಿಯಲ್ಲಿ ಪ್ಲಾಸ್ಟಿಕ್ ಸಾಮಾನು ಮಾರುತ್ತಾನೆ. ಬಕೆಟ್ಟು, ಮಗ್ಗು, ಡಬ್ಬಿ, ಸ್ಟೂಲು. ಒಳ್ಳೆಯವನೇ, ನಾಲಿಗೆ ಮಾತ್ರ ಅವನ ಗಾಡಿಯ ಚಕ್ರದ ಹಾಗೆ, ಎಣ್ಣೆ ಕಂಡಿಲ್ಲ. ಬಂದಾಗಲೆಲ್ಲ ಬಾಗಿಲಲ್ಲೇ ಶುರು.

"ಅತ್ತೇ, ಪೇಪರ್ ನೋಡಿದ್ರಾ? ದೇಶ ಓಡ್ತಾ ಇದೆಯಂತೆ. ನಿಮ್ಮ ಮಗ ಇನ್ನೂ ನಿಂತೇ ಇದಾನಲ್ಲ?"

ಆಕೆ ದರ್ಜಿಗಳಿಗೆ ಕಾಜಾ ಹೊಲಿದುಕೊಡುವವಳು. ಸೂಜಿಯಿಂದ ಕಣ್ಣೆತ್ತದೆ, "ಓಡೋರ ಚಪ್ಪಲಿ ಕಾಯೋಕೂ ಒಬ್ಬರು ಬೇಕಲ್ಲಪ್ಪ" ಅನ್ನುತ್ತಿದ್ದಳು.

"ಕೂತು ಉಂಡ್ರೆ ಕುಡಿಕೆ ಹೊನ್ನೂ ಸಾಲದು ಅಂತಾರೆ. ನಿಂತು ಉಂಡ್ರೂ ಸಾಲ್ತಿಲ್ಲ, ಇದಕ್ಕೇನಾದ್ರೂ ಗಾದೆ ಇದೆಯಾ ಸಾರ್?" ಅಂತ ನನ್ನ ಕಡೆ ತಿರುಗುತ್ತಿದ್ದ. ಪತ್ರಿಕೆಗೆ ನಾಲ್ಕು ನಗೆಸಾಲು ಬರೆಯುವವನು ಅಂತ ಊರಿನ ಗಾದೆಗಳೆಲ್ಲ ನನ್ನ ಉಸ್ತುವಾರಿಯಲ್ಲಿವೆ ಅಂತ ಅವನ ನಂಬಿಕೆ. ನನ್ನ ಹತ್ತಿರ ಇರಲಿಲ್ಲ.

ಕಂಬ ಇದಕ್ಕೆಲ್ಲ ನಗುತ್ತಿದ್ದ. ಉತ್ತರ ಕೊಡುವಷ್ಟು ಕಸುವು ಸಂಜೆಗೆ ಉಳಿದಿರುತ್ತಿರಲಿಲ್ಲ. ಕಾಲಿನ ನರಗಳು ಮೀನಖಂಡದಲ್ಲಿ ಗಂಟುಗಂಟಾಗಿ, ನೀಲಿ ದಾರದ ಉಂಡೆಯ ಹಾಗೆ ಎದ್ದಿದ್ದವು. ರಾತ್ರಿ ಊಟವಾದ ಮೇಲೆ ತಾಯಿ ಅವಕ್ಕೆ ಎಣ್ಣೆ ತಿಕ್ಕುತ್ತಿದ್ದಳು. "ಓದಿಸಿದ್ದು ತಲೇನ, ಸವೆದಿದ್ದು ಕಾಲು" ಅಂತ ಒಂದೇ ಮಾತು. ದಿನಾ ಅದೇ ಮಾತು. ಎಣ್ಣೆಯ ಹಾಗೆ ಅದೂ ಔಷಧವಿರಬೇಕು.

ಒಮ್ಮೆ ಜನರ ಉದ್ಯೋಗದ ಸಮೀಕ್ಷೆ ಅಂತ ಒಬ್ಬ ಹೆಣ್ಣುಮಗಳು ಬಂದಳು. ಬಿಸಿಲಿಗೆ ಬಾಡಿದ್ದಳು, ನೀರು ಕುಡಿದು ಬಾಗಿಲ ಮೆಟ್ಟಿಲ ಮೇಲೆ ಕೂತು ಕಂಬನನ್ನು ಕೇಳಿದಳು. "ಕಳೆದ ವಾರ ಒಂದು ಗಂಟೆಯಾದ್ರೂ ದುಡಿದಿದ್ದೀರಾ?"

"ಒಂದು ಗಂಟೆ ಯಾಕಮ್ಮ, ಒಂದು ಬಿಲ್ಲಿಗೆ ಮೂರು ಗಂಟೆ ನಿಂತಿದ್ದೀನಿ."

"ಹಾಗಾದ್ರೆ ನೀವು ನಿರುದ್ಯೋಗಿ ಅಲ್ಲ."

ಈ ಸುದ್ದಿ ಕೇಳಿ ತಾಯಿ ಸೂಜಿ ಕೆಳಗಿಟ್ಟಳು. "ಹೌದೇನೋ? ಮೊದಲೇ ಹೇಳಬಾರದಿತ್ತಾ?"

ಕಂಬ ನಿಧಾನವಾಗಿ, "ನಿಮ್ಮ ಕೆಲಸ ಖಾಯಂ ಏನಮ್ಮಾ?" ಅಂದ.

"ಎಲ್ಲಿದು ಅಣ್ಣಾ. ಈ ಸಮೀಕ್ಷೆ ಮುಗಿಯೋವರೆಗೆ."

"ಅದಾದ ಮೇಲೆ?"

ಆಕೆ ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡು, "ಆಮೇಲೆ ನನ್ನನ್ನ ಬರ್ಕೊಳ್ಳೋಕೆ ಯಾರಾದ್ರೂ ಬರ್ತಾರೆ" ಅಂದಳು. ಇಬ್ಬರೂ ನಕ್ಕರು. ಬಹಳ ಹೊತ್ತು ನಗಲಿಲ್ಲ.

ನಿಂತು ತಿನ್ನುವ ಆ ಅನ್ನಕ್ಕೂ ಆಮೇಲೆ ಕಲ್ಲು ಬಿತ್ತು. ಜನ ಬಿಲ್ಲುಗಳನ್ನು ಫೋನಿನಲ್ಲೇ ಕಟ್ಟತೊಡಗಿದರು. ಮೊದಲು ಕರೆಂಟಿನ ಸಾಲು ಸಣ್ಣದಾಯಿತು, ಆಮೇಲೆ ನೀರಿನದು. ಆಸ್ಪತ್ರೆಯ ಚೀಟಿಗೆ ಹಿಂದಿನ ದಿನವೇ ಮನೆಯಿಂದ ನಂಬರು ಒತ್ತಬಹುದಾಯಿತು. ನಾನು ಕೂಡ ಸೋಫಾದ ಮೇಲೆ ಮಲಗಿಕೊಂಡೇ ಬಿಲ್ಲು ಕಟ್ಟಿ, ಅರೆ, ಎಂಥ ಸುಖ ಅಂದುಕೊಂಡವನೇ. ಆ ಸುಖ ಗೋಡೆಯಾಚೆ ಯಾರ ತಟ್ಟೆಯಿಂದ ಎದ್ದು ಬಂತು ಅಂತ ಹೊಳೆದದ್ದು, ಕಂಬ ಹಗಲು ಹೊತ್ತಿನಲ್ಲಿ ಮನೆಯಲ್ಲಿರುವುದು ಕಂಡ ಮೇಲೆ. ಮನೆಯಲ್ಲೂ ಬಾಗಿಲಿಗೆ ಒರಗಿ ನಿಂತೇ ಇರುತ್ತಿದ್ದ.

"ಈಗ ಉದ್ದ ಇರೋದು ಒಂದೇ ಸಾಲು ಸಾರ್," ಅಂದಿದ್ದ. "ಕೆಲಸ ಕೇಳೋರದು. ಅಲ್ಲಿ ನಮ್ಮಂಥವರಿಗೆ ಗಿರಾಕಿ ಇಲ್ಲ. ಅವರ ಹತ್ತಿರ ಟೈಮೊಂದೇ ಇರೋದು."

ಅಂಥ ದಿನಗಳಲ್ಲಿ ನೀರಿನ ಕಚೇರಿಯವರು ಕೆಲವು ಅಟೆಂಡರ್ ಹುದ್ದೆಗಳಿಗೆ ಜನ ಬೇಕು ಅಂತ ಜಾಹೀರಾತು ಹಾಕಿದರು. ಅರ್ಜಿ ಇಲ್ಲ, ಅಂಚೆ ಇಲ್ಲ. ಗೊತ್ತುಮಾಡಿದ ದಿನ ಬೆಳಿಗ್ಗೆ ಗೇಟಿನಲ್ಲಿ ಚೀಟಿ ಹಂಚುತ್ತಾರೆ. ಚೀಟಿ ಸಿಕ್ಕವರು ಒಳಗೆ, ಅವರಿಗೆ ಅವತ್ತೇ ಸಂದರ್ಶನ. ಚೀಟಿ ಮುಗಿದರೆ ಗೇಟು ಬಂದ್. ಖಾಯಂ ಕೆಲಸ. ವಯಸ್ಸಿನ ಮಿತಿ ಮೂವತ್ತೈದು.

ಕಂಬನಿಗೆ ಮುಂದಿನ ತಿಂಗಳು ಮೂವತ್ತೈದು ತುಂಬುತ್ತಿತ್ತು. ಇದು ತಪ್ಪಿದರೆ ಮುಂದೆ ಯಾವ ಗೇಟಿನಲ್ಲೂ ಅವನು ಅಭ್ಯರ್ಥಿಯಲ್ಲ, ಬರೀ ಮನುಷ್ಯ.

ಆ ಕೆಲಸದಲ್ಲಿ ಅವನ ಆಸೆ ಇದ್ದದ್ದು ಸಂಬಳದ ಮೇಲಲ್ಲ ಅಂದರೆ ನೀವು ನಂಬಲಾರಿರಿ. ಆ ಕಚೇರಿಯ ಕಿಟಕಿಯೆದುರು ಎಷ್ಟೋ ವರ್ಷ ನಿಂತು, ಒಳಗೆ ಸಾಹೇಬರ ಬಾಗಿಲ ಪಕ್ಕ ಅಟೆಂಡರ್ ಕೂರುವ ಮರದ ಸ್ಟೂಲನ್ನು ನೋಡಿದ್ದ. "ಗಂಟೆ ಬಾರಿಸಿದಾಗ ಏಳೋದು, ಮತ್ತೆ ಬಂದು ಕೂರೋದು. ಏಳಿಸಿದವರೇ ಮತ್ತೆ ಕೂರೋಕೂ ಬಿಡ್ತಾರೆ ಸಾರ್" ಅಂದಿದ್ದ, ಸ್ವರ್ಗದ ಕಾನೂನು ಹೇಳುವವನ ಹಾಗೆ.

ಹಿಂದಿನ ದಿನ ಮನೆಯಲ್ಲಿ ಗದ್ದಲವೋ ಗದ್ದಲ. ತಾಯಿ ಅಂಗಿಗೆ ಇಸ್ತ್ರಿ ಹಾಕಿ, ಸಡಿಲವಿದ್ದ ಗುಂಡಿ ಬಿಗಿದು, ಸಡಿಲವಿಲ್ಲದ ಗುಂಡಿಯನ್ನೂ ಬಿಗಿದಳು. ಭಾವ ತನ್ನ ಮದುವೆಯ ಬೂಟು ತಂದುಕೊಟ್ಟ.

"ಎಕನಾಮಿಕ್ಸ್ ಸಾಹೇಬ್ರೇ, ಒಳಗೆ ಹೋದ ಮೇಲೆ 'ಯಾರ ಪರವಾಗಿ ಬಂದಿದ್ದೀಯ' ಅಂದ್ರೆ ಏನಂತೀರಿ?"

"ಥೂ, ಬಿಡು ಭಾವ."

"ಏ, ಅಭ್ಯಾಸ ಮಾಡ್ಕೋ! ನಿನ್ನ ಬಾಯಲ್ಲಿ 'ನನಗೆ' ಅನ್ನೋ ಮಾತೇ ಹೊರಡಲ್ಲ."

"ನನಗೆ," ಅಂದ ಕಂಬ.

"ಜೋರಾಗಿ."

"ನನಗೇ ಕಣಪ್ಪ!"

ತಾಯಿ ನಗುತ್ತಾ ಕಣ್ಣೊರೆಸಿಕೊಂಡಳು. ನಾನು ನನ್ನ ಪಾಲಿನ ಸೇವೆಯಾಗಿ ಒಂದು ಒಳ್ಳೆಯ ಪೆನ್ನು ಕೊಟ್ಟು, ಸಂದರ್ಶನದಲ್ಲಿ ಕೇಳಬಹುದಾದ ಪ್ರಶ್ನೆಗಳನ್ನೂ ಹೇಳಿಕೊಟ್ಟೆ. ನನ್ನ ಜೀವನದಲ್ಲಿ ನಾನು ಪಾಸಾದ ಸಂದರ್ಶನ ಒಂದೇ, ಅದೂ ನನ್ನ ಮಾವನವರು ಮಾಡಿದ್ದು. ಆದರೂ ಅವನು ಕೈಕಟ್ಟಿ ಕೇಳಿಸಿಕೊಂಡ.

ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಅರ್ಧ ಕಂಬ ಹೇಳಿದ್ದು, ಉಳಿದರ್ಧ ನೀರಿನ ಕಚೇರಿಯ ಎದುರಿನ ಚಹಾ ಗಾಡಿಯ ಅಕ್ಕ ಹೇಳಿದ್ದು. ಅಕ್ಕ ಹೇಳಿದ್ದೇ ಹೆಚ್ಚು ನಂಬುವ ಹಾಗಿದೆ. ಕಂಬ ತನ್ನ ಪಾಲಿನದನ್ನು ಬೇಗ ಬೇಗ ಹೇಳಿ ಮುಗಿಸಿದ.

ಅವನು ಹೋಗುವಷ್ಟರಲ್ಲೇ ಸಾಲು ಕಾಂಪೌಂಡು ಸುತ್ತಿತ್ತಂತೆ. ಹಲ್ಲುಜ್ಜದೆ ಬಂದವರು, ಕಂಕುಳಲ್ಲಿ ಇಂಜಿನಿಯರಿಂಗ್ ಸರ್ಟಿಫಿಕೇಟು ಹಿಡಿದವರು, ಕೂಸನ್ನು ಗಂಡನ ಕೈಗೆ ಕೊಟ್ಟು ಬಂದವರು. ಆದರೆ ಕಾಂಪೌಂಡು ಸುತ್ತುವ ಸಾಲಿಗೆ ತಲೆ ಎಲ್ಲಿ ಬಾಲ ಎಲ್ಲಿ ಅಂತ ಹೊಸಬರಿಗೆ ತಿಳಿಯುವುದಿಲ್ಲ. ಎರಡು ಗೇಟಿನ ಕಚೇರಿ. ಜನವೆಲ್ಲ ದೊಡ್ಡ ಗೇಟಿಗೆ ಮುತ್ತಿದ್ದರು. ಕಾವಲುಗಾರ ಯಾವಾಗಲೂ ತೆರೆಯುವುದು ಚಿಕ್ಕ ಗೇಟು ಅಂತ ಕಂಬನಿಗೆ ಗೊತ್ತು. ಅದು ಗೊತ್ತಿದ್ದ ಇನ್ನೂ ಕೆಲವರು ಅಲ್ಲಿ ಸೇರಿದ್ದರು, ಅವರ ಹಿಂದೆ ನಿಂತ. ಸ್ವಲ್ಪ ಹೊತ್ತಿನಲ್ಲಿ ಉಳಿದ ಸಾಲೆಲ್ಲ ಇವರ ಹಿಂದಕ್ಕೆ ತಿರುಗಿತು. ಗೇಟು ಕೈಗೆ ಸಿಗುವಷ್ಟು ಹತ್ತಿರ. ಮೇಲೊಂದು ದೊಡ್ಡ ಬೋರ್ಡು, ಅದರಲ್ಲಿ ದೇಶದ ಬೆಳವಣಿಗೆ ಅಂತ ಮೇಲಕ್ಕೇರುವ ಒಂದು ಬಾಣ. ಬೆಳಗಿನ ಹೊತ್ತು ಆ ಬೋರ್ಡಿನ ನೆರಳು ಸಾಲಿನ ಮೇಲೆ ಬೀಳುತ್ತದೆ, ಅದೊಂದು ಉಪಕಾರ.

ಚಹಾದ ಅಕ್ಕ ಗಾಡಿಯಿಂದಲೇ ಕೂಗಿದಳು. "ಏನೋ ಕಂಬಾ, ಬೂಟು ಹಾಕ್ಕೊಂಡು! ಇವತ್ತು ಯಾವ ಸಾಹುಕಾರರ ಬದಲಿಗೆ?"

"ಇವತ್ತು ನನಗೇ ಅಕ್ಕ."

"ಹೋಗೋ, ಸುಳ್ಳ!"

"ನಿಜವಾಗ್ಲೂ ಅಕ್ಕ. ನನಗೇ."

ಮುಂದಿದ್ದವನೊಬ್ಬ ತಿರುಗಿ, "ಈ ಸಾಲಿಗೂ ಬದಲಿ ಬಂದ್ರಾ? ಕೆಲಸಕ್ಕೂ ಬದಲಿ ಕಳಿಸಿ ಸಂಬಳ ಮಾತ್ರ ತಾವೇ ತಗೋತಾರೇನೋ" ಅಂದ. ಅಲ್ಲಿದ್ದವರಿಗೆಲ್ಲ ನಗು. ಕಂಬನೂ ನಕ್ಕ. ಅವನ ಹಿಂದೆ ನಿಂತಿದ್ದ ಹುಡುಗಿ ಮಾತ್ರ ನಗಲಿಲ್ಲ. ಊರಿಗೆ ಹೊಸಬಳಿರಬೇಕು, ಸರ್ಟಿಫಿಕೇಟಿನ ಕವರನ್ನು ಎದೆಗೆ ಒತ್ತಿ ಹಿಡಿದು ಗೇಟನ್ನೇ ನೋಡುತ್ತಿದ್ದಳು.

ಬೇರೆಯವರಿಗಾಗಿ ನಿಂತಾಗ ಕಂಬ ಏನನ್ನೂ ಯೋಚಿಸುತ್ತಿರಲಿಲ್ಲ. ಕಣ್ಣು ಕೌಂಟರಿನ ಮೇಲೆ, ಮನಸ್ಸು ಖಾಲಿ. ಅದೂ ಕಸುಬಿನ ಭಾಗವೇ. ಅವತ್ತು ಯೋಚನೆ ಬಂತು. ನಾನು ಹೇಳಿಕೊಟ್ಟ ಪ್ರಶ್ನೆಗಳು, ಅವಕ್ಕೆ ಉತ್ತರ, ಅಮ್ಮನಿಗೆ ಹೇಗೆ ಹೇಳುವುದು, ಮೊದಲು ಭಾವನ ಬಾಯಿ ಹೇಗೆ ಮುಚ್ಚಿಸುವುದು. ಸಾಹೇಬರ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಆಗಲೇ ಕೂತುಬಿಟ್ಟಿದ್ದ ಅಂತ ಕಾಣುತ್ತದೆ. ಗೇಟು ತೆರೆದದ್ದು, ಕಾವಲುಗಾರ ಚೀಟಿ ಕೊಡತೊಡಗಿದ್ದು, ಮುಂದಿನವರು ನಾಲ್ಕು ಹೆಜ್ಜೆ ಸರಿದದ್ದು ಅವನ ಗಮನಕ್ಕೆ ಬರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಕಂಬ ಸಾಲಿನಲ್ಲಿ ಮೈಮರೆತ.

ಹಿಂದಿನ ಹುಡುಗಿ ನೋಡಿದಳು. ಮುಂದೆ ಜಾಗ ಖಾಲಿ, ಈ ಮನುಷ್ಯ ಅಲ್ಲಾಡುತ್ತಿಲ್ಲ. ಮೆಲ್ಲಗೆ ಅವನ ಎಡಹೆಗಲು ಮುಟ್ಟಿ, "ಅಣ್ಣಾ, ಮುಂದೆ ಹೋಗಿ" ಅಂದಳು.

ಮುಟ್ಟಿದ್ದು ಮೊದಲು, ಮಾತು ಆಮೇಲೆ. ಮಾತು ಬರುವಷ್ಟರಲ್ಲಿ ಕಂಬ ಬಲಕ್ಕೆ ಜಾರಿ ಆಗಿತ್ತು. ತಿರುಗಿ ನೋಡಲಿಲ್ಲ. ಕಸುಬಿನಲ್ಲಿ ತಿರುಗಿ ನೋಡುವ ಹಾಗಿಲ್ಲವಲ್ಲ. ಬೂಟು ಟಕಟಕ ಅನ್ನಿಸುತ್ತಾ ನೇರವಾಗಿ ರಸ್ತೆ ದಾಟಿ, ಚಹಾ ಗಾಡಿಯ ಪಕ್ಕ ಬಂದು ನಿಂತು, ಕೈಚಾಚಿದ.

ಅಕ್ಕ ಲೋಟ ಕೊಟ್ಟಳು. "ಬಂದ್ರಾ ನಿನ್ನ ಗಿರಾಕಿ?"

"ಹೂಂ, ಬಂದ್ರು," ಅಂದ ಕಂಬ. ಊದಿ ಊದಿ ಎರಡು ಗುಟುಕು ಕುಡಿದ.

ಅಕ್ಕ ಇನ್ನೊಂದು ಲೋಟ ತೊಳೆಯುತ್ತಾ, "ನನಗೇ ಅಂದ್ಯಲ್ಲೋ ಬೆಳಿಗ್ಗೆ?" ಅಂದಳು.

ಕಂಬನ ಕೈಯಲ್ಲಿ ಲೋಟ ನಿಂತಿತು. ಅವನ ಮುಖ ಆ ಹೊತ್ತಿನಲ್ಲಿ ಹೇಗಿತ್ತು ಅಂತ ನಾನು ಅಕ್ಕನನ್ನು ಕೇಳಿದೆ. ಅವಳು ಒಲೆಯ ಉರಿ ಸಣ್ಣ ಮಾಡಿ, "ಬಿಡಿ ಸಾರ್, ಅದನ್ನೆಲ್ಲ ಕೇಳಬಾರದು" ಅಂದಳು.

ಓಡಿದ. ಭಾವನ ಬೂಟು ಒಂದು ನಂಬರು ದೊಡ್ಡದು, ಒಂದು ಕಾಲಿನದು ರಸ್ತೆಯಲ್ಲೇ ಉಳಿಯಿತು. ಸಾಲು ಆಗಲೇ ಕೂಡಿಕೊಂಡಿತ್ತು. ಅವನಿದ್ದ ಜಾಗ ಅಂತ ಒಂದು ಅಲ್ಲಿ ಇರಲೇ ಇಲ್ಲ. ಹುಡುಗಿ ಚೀಟಿ ಹಿಡಿದು ಗೇಟಿನ ಹೊಸ್ತಿಲ ಮೇಲಿದ್ದಳು.

"ಅಣ್ಣಾ, ನನ್ನ ಜಾಗ ಅದು," ಅಂದ ಕಂಬ.

ಕಾವಲುಗಾರ ಅವನನ್ನು ವರ್ಷಗಳಿಂದ ಬಲ್ಲವನು. "ಯಾರ ಪರವಾಗಿ?"

"ನನ್ನ ಪರವಾಗಿ."

ಇಡೀ ಸಾಲು ನಕ್ಕಿತು. ಕೆಟ್ಟ ಜನ ಅಂತಲ್ಲ. ಬೆಳಗಿನಿಂದ ನಿಂತು ಬೇಸತ್ತವರಿಗೆ ನಗಲು ಒಂದು ನೆಪ ಬೇಕಿತ್ತು. "ಗಿರಾಕಿ ಬಂದ ಮೇಲೆ ಇನ್ನೇನು ಕಂಬಣ್ಣ, ಕೂಲಿ ಕೊಡ್ಲಿಲ್ವಾ?" ಅಂದನೊಬ್ಬ.

"ಗಿರಾಕಿ ಇಲ್ಲ ಕಣ್ರಪ್ಪ! ನಾನೇ! ನನಗೇ ನಿಂತಿದ್ದೆ!"

ಹುಡುಗಿ ಹೊಸ್ತಿಲಿಂದ ತಿರುಗಿದಳು. "ಇವರೇ ಸಾರ್ ನನ್ನ ಮುಂದಿದ್ದವರು. ಮುಂದೆ ಹೋಗಿ ಅಂದೆ. ಅವರೇ ಬಿಟ್ಟು ಹೋದ್ರು," ಅಂದಳು. ನಿಜವನ್ನೇ ಹೇಳಿದಳು ಪಾಪ, ಅರ್ಧ ಅವನ ಪರವಾಗಿ, ಅರ್ಧ ತನ್ನ ಚೀಟಿ ಎಲ್ಲಿ ಹೋದೀತೋ ಅನ್ನುವ ಭಯದಲ್ಲಿ.

"ಬಿಟ್ಟು ಹೋದ್ರಲ್ಲ, ಆಯ್ತಲ್ಲ," ಅಂತ ಹಿಂದಿನಿಂದ ಯಾರೋ ಕೂಗಿದರು. "ಸಾಲು ಬಿಟ್ಟವನಿಗೆ ಜಾಗ ಇಲ್ಲ. ಹೋದ ವರ್ಷ ನನ್ನನ್ನ ಇದೇ ಮಾತು ಹೇಳಿ ಬಾಲಕ್ಕೆ ಕಳಿಸಿದ್ದೆ ಕಂಬಣ್ಣ, ಮರೆತ್ಯಾ?"

ಕಂಬ ಜಗಳ ಆಡಬಹುದಿತ್ತು. ಕಾವಲುಗಾರನ ಕಾಲು ಹಿಡಿಯಬಹುದಿತ್ತು, ನುಗ್ಗಬಹುದಿತ್ತು. ನಾನಾಗಿದ್ದರೆ ಮೂರನ್ನೂ ಮಾಡಿ, ಮೂರರಲ್ಲೂ ಸೋತು, ಪತ್ರಿಕೆಗೆ ಒಂದು ಕಟುವಾದ ಪತ್ರ ಬರೆಯುತ್ತಿದ್ದೆ. ಅವನು ರಸ್ತೆಯಲ್ಲಿ ಉಳಿದಿದ್ದ ಬೂಟು ತಂದು ಹಾಕಿಕೊಂಡು, ಕಾಂಪೌಂಡನ್ನು ಒಂದು ಸುತ್ತು ಸುತ್ತಿ, ಬಾಲಕ್ಕೆ ಹೋಗಿ ನಿಂತ.

ಬಾಲದಲ್ಲಿ ಬಿಸಿಲು. ಬೋರ್ಡಿನ ನೆರಳು ಅಷ್ಟು ದೂರ ಬರುವುದಿಲ್ಲ. ಸಾಲು ಸರಿಯಿತು, ನಿಂತಿತು, ಸರಿಯಿತು. ಮಧ್ಯೆ ಅವನ ಹಿಂದೆ ಬಂದು ಸೇರಿದವನೊಬ್ಬ, ಹೊಟ್ಟೆ ಹಿಡಿದುಕೊಂಡು, "ಅಣ್ಣಾ, ಒಂಚೂರು ನನ್ನ ಜಾಗ ನೋಡ್ಕೋತೀರಾ? ಹೀಗೆ ಹೋಗಿ ಹಾಗೆ ಬಂದೆ" ಅಂದ. ಕಂಬ ತಲೆಯಾಡಿಸಿದ.

ಗೇಟಿಗೆ ಇನ್ನೂ ಬಹಳ ದೂರವಿದ್ದಾಗಲೇ ಚೀಟಿ ಮುಗಿಯಿತು. ಕಾವಲುಗಾರ ಎರಡೂ ಕೈ ಎತ್ತಿ ಅಲ್ಲಾಡಿಸಿ ಚಿಲಕ ಹಾಕಿದ. ಸ್ವಲ್ಪ ಕೂಗಾಟ, ಒಂದೆರಡು ಕಲ್ಲು, ಆಮೇಲೆ ಜನ ಕರಗಿದರು. ಹೋಗಿ ಮಾಡಲು ಬೇರೆ ಕೆಲಸವಿಲ್ಲದವರು ಎಷ್ಟು ಬೇಗ ಹೊರಟು ಹೋಗುತ್ತಾರೆ ಅಂತ ಚಹಾದ ಅಕ್ಕನಿಗೆ ಯಾವಾಗಲೂ ಆಶ್ಚರ್ಯ. ಅವಳು ಗಾಡಿ ಕಟ್ಟಿ ನೋಡಿದರೆ, ಖಾಲಿ ಕಾಂಪೌಂಡಿನ ಪಕ್ಕ ಕಂಬ ಒಬ್ಬನೇ ನಿಂತಿದ್ದಾನೆ. ಮುಂದೆ ಯಾರೂ ಇಲ್ಲ, ಹಿಂದೆ ಯಾರೂ ಇಲ್ಲ.

"ಮುಗೀತಲ್ಲೋ. ಇನ್ನೂ ಯಾಕೋ ನಿಂತಿದ್ದೀಯ?"

"ಒಬ್ಬ ಹುಡುಗ ಜಾಗ ನೋಡ್ಕೋ ಅಂದಿದ್ದ ಅಕ್ಕ. ಬರ್ಲಿ."

"ಯಾವ ಜಾಗಾನೋ?"

ಕಂಬ ತನ್ನ ಹಿಂದಿನ ನೆಲವನ್ನು ತೋರಿಸಿದ.

ಆ ಹುಡುಗ ಬಂದ. ಬೀದಿಯ ಕೊನೆಯಿಂದಲೇ ವಿಷಯ ತಿಳಿದು, ಮುಖ ಇಳಿಬಿಟ್ಟುಕೊಂಡು ಬಂದು, ಸಮಾಧಾನ ಹೇಳಲೋ ಏನೋ ಕಂಬನ ಹಿಂದಿನಿಂದ ಕೈ ಚಾಚಿದ. "ಏಯ್, ಹೆಗಲು ಮುಟ್ಟಬೇಡ್ವೋ! ಬಾಯಲ್ಲಿ ಹೇಳೋ!" ಅಂತ ಅಕ್ಕ ಕೂಗಿದ್ದು ಬೀದಿಗೆಲ್ಲ ಕೇಳಿಸಿತಂತೆ.

ಸಂಜೆ ನಾನು ಹಿಂದಿನ ಕೋಣೆಗೆ ಹೋದಾಗ ಭಾವ ಅಲ್ಲೇ ಇದ್ದ. ತಳ್ಳುಗಾಡಿ ಅಂಗಳದಲ್ಲಿ ನಿಂತಿತ್ತು. ಸಿಹಿಸುದ್ದಿಯಾದರೆ ಮೊದಲು ತಮಾಷೆ ಮಾಡುವವನು ತಾನಾಗಬೇಕು ಅಂತ ವ್ಯಾಪಾರ ಬಿಟ್ಟು ಬಂದಿದ್ದ. ಕಂಬ ಎಲ್ಲವನ್ನೂ ಬಾಗಿಲಿಗೆ ಒರಗಿ, ನಿಂತೇ ಹೇಳಿದ. ನಾನು ಗೋಡೆಯ ಮೇಲಿನ ಮದುವೆಯ ಫೋಟೋ ನೋಡಿದೆ, ಅಲ್ಲಿಂದ ಬೇಗ ಕಣ್ಣು ತೆಗೆದೆ.

ತಾಯಿ, "ಚಹಾ ಪೂರ್ತಿ ಕುಡಿದ್ಯೇನೋ?" ಅಂದಳು.

"ಇಲ್ಲಮ್ಮ. ಅರ್ಧ."

"ಅಯ್ಯೋ," ಅಂದಳು. ಅಷ್ಟು ದೊಡ್ಡ ದಿನದಲ್ಲಿ ಆಕೆಗೆ ಅಳಲು ಸಿಕ್ಕಿದ್ದು ಅದೊಂದು.

ಭಾವ ಎದ್ದು ಹೊರಗೆ ಹೋದ. ಹೊರಟುಹೋದ ಅಂದುಕೊಂಡೆ. ಗಾಡಿಯ ಮೇಲಿನ ಬಕೆಟ್ಟುಗಳನ್ನು ದಡಬಡ ಸರಿಸುವ ಸದ್ದು ಕೇಳಿಸಿತು. ಒಂದು ಪ್ಲಾಸ್ಟಿಕ್ ಸ್ಟೂಲು ಹಿಡಿದು ಒಳಗೆ ಬಂದು, ಬೆಲೆಯ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಕಂಬನ ಕಾಲ ಹತ್ತಿರ ಇಟ್ಟ.

"ಮರದ್ದಲ್ಲ," ಅಂದ. "ಗಂಟೇನೂ ಇಲ್ಲ. ಕೂತ್ಕೋ ಮಾರಾಯಾ."

ಅದರಲ್ಲಿ ಎಲ್ಲೋ ಒಂದು ತಮಾಷೆ ಇರುತ್ತದೆ ಅಂತ ನಾನು ಕಾದೆ. ಇರಲಿಲ್ಲ.

ಕಂಬ ಸ್ಟೂಲನ್ನು ನೋಡಿದ. ಭಾವನ ಬೂಟು ಬಿಚ್ಚಿ, ಧೂಳು ಒರೆಸಿ, ಜೋಡಿಸಿಟ್ಟ. ನನ್ನ ಪೆನ್ನನ್ನು ಜೇಬಿನಿಂದ ತೆಗೆದು, "ಬಳಸಲಿಲ್ಲ ಸಾರ್" ಅಂತ ವಾಪಸು ಕೊಟ್ಟ. ಆಮೇಲೆ ಕೂತ. ಮೊದಲು ತುದಿಯಲ್ಲಿ, ಯಾರಾದರೂ ಏಳು ಅಂದಾರೇನೋ ಎಂಬಂತೆ. ಆಮೇಲೆ ಪೂರ್ತಿಯಾಗಿ, ಬೆನ್ನು ಗೋಡೆಗೆ ಕೊಟ್ಟು, ಕಾಲು ಮುಂದಕ್ಕೆ ಚಾಚಿ. ಅವನು ಈ ಮನೆಗೆ ಬಾಡಿಗೆಗೆ ಬಂದಾಗಿನಿಂದ ಅವನನ್ನು ಅಷ್ಟು ಎತ್ತರದಿಂದ ನಾನು ನೋಡಿಯೇ ಇರಲಿಲ್ಲ. ನೆತ್ತಿಯಲ್ಲಿ ಆಗಲೇ ನಾಲ್ಕು ಬಿಳಿ ಕೂದಲು.

ಮಾತು ಬಾರದ ಗಂಡಸರು ಇಂಥ ಹೊತ್ತಿನಲ್ಲಿ ಮಾಡುವುದು ಒಂದೇ ಕೆಲಸ. ನಾನೂ ಒಂದು ಹೆಜ್ಜೆ ಮುಂದೆ ಬಂದು, ಅವನ ಹೆಗಲು ತಟ್ಟೋಣ ಅಂತ ಕೈ ಎತ್ತಿದೆ.

"ಬೇಡ ಸಾರ್," ಅಂದಳು ತಾಯಿ, ಪಿಸುದನಿಯಲ್ಲಿ. "ಈಗ ತಾನೆ ಕೂತಿದಾನೆ."

ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನನ್ನದೇ ತಲೆ ಕೆರೆದುಕೊಂಡೆ.